ಹೆಪ್ಪಿನ ಬಟ್ಟಲು

ಬಿಟಿಎಂನ ಈ ಬಾಡಿಗೆ ಮನೆಯ ಬಾಗಿಲಲ್ಲಿ ಎದುರುಮನೆಯ ಹುಡುಗಿ ಬಟ್ಟಲು ಹಿಡಿದು, “ಆಂಟಿ, ಒಂಚೂರು ಹೆಪ್ಪು ಇದ್ರೆ ಕೊಡ್ತೀರಾ?” ಎಂದಾಗಲೆಲ್ಲ, ಹುಳಿಮೊಸರಿನ ವಾಸನೆಯ ಜೊತೆಗೇ ಆ ಮಧ್ಯಾಹ್ನವೂ ಬರುತ್ತದೆ.

ಹೊಳೆ ನಮ್ಮೂರಿಗೆ ನುಗ್ಗಿತ್ತು. ಊರವರೆಲ್ಲ ಶಾಲೆಯ ಮಾಳಿಗೆ ಏರಿದ್ದೆವು. ಪಕ್ಕದ ಮನೆಯ ನೀಲವ್ವಜ್ಜಿ ಮಾತ್ರ ಕಾಣಲಿಲ್ಲ. ಅವಳಿಗೆ ಕಿವಿ ಕೇಳಿಸುತ್ತಿರಲಿಲ್ಲ.

“ಆಕಿ ನಿನ್ನೆನ ಮಗಳ ಊರಿಗೆ ಹೋಗ್ಯಾಳಂತ,” ಎಂದು ತೆಪ್ಪವನ್ನು ಶಾಲೆಯ ಕಂಬಕ್ಕೆ ಕಟ್ಟುತ್ತ ಕಾಕಾ ಹೇಳಿದ. “ಸೆಳವು ಭಾಳ ಐತಿ. ಇನ್ನ ಇಳಿಯೂದು ಬ್ಯಾಡ.”

ಅವ್ವನಿಗೂ ಅಜ್ಜಿಗೂ ಗೋಡೆಯ ಜಗಳವಾಗಿ ವರ್ಷದಿಂದ ಮಾತಿರಲಿಲ್ಲ. ಹೆಪ್ಪು ಮಾತ್ರ ನಿಂತಿರಲಿಲ್ಲ. ಅಜ್ಜಿ ಬಟ್ಟಲನ್ನು ನಮ್ಮ ಕಟ್ಟೆಯ ಮೇಲೆ ಇಟ್ಟು ಹೋಗುವಳು. ಅವ್ವ ಅದಕ್ಕೊಂದು ಚಮಚ ಮೊಸರು ಹಾಕಿ ಅಲ್ಲೇ ಇಡುವಳು.

“ಇವತ್ತ ಮುಂಜಾನೆನೂ ಹೆಪ್ಪು ಒಯ್ದಾಳ,” ಅವ್ವ ಕಿರುಚಿದಳು. “ಊರಿಗೆ ಹೋಗಾಕಿ ಹಾಲಿಗೆ ಯಾಕ ಹೆಪ್ಪು ಹಾಕ್ತಾಳ? ತೆಪ್ಪ ಬಿಚ್ಚರಿ!”

ತೆಪ್ಪ ಹೋಯಿತು. ನೀರು ಶಾಲೆಯ ಮೆಟ್ಟಿಲುಗಳನ್ನು ಒಂದೊಂದಾಗಿ ನುಂಗುತ್ತಿತ್ತು. ನನ್ನ ತೋಳಿನಲ್ಲಿ ಅವ್ವನ ಉಗುರು ನೆಟ್ಟಿತ್ತು.

ತೆಪ್ಪ ಮರಳಿದಾಗ ಅಜ್ಜಿ ತೊಯ್ದು ನಡುಗುತ್ತಿದ್ದಳು. ಅವ್ವನ ಮುಖ ನೋಡಲಿಲ್ಲ. ಸೆರಗಿನಿಂದ ಬಟ್ಟಲು ತೆಗೆದು, ಅವಳ ಮುಂದೆ ಇಟ್ಟು, ಪಕ್ಕದಲ್ಲೇ ಕುಳಿತಳು.