ಒಂದು ದಿನದ ಸಿಸ್ಟರ್

“ಎಲೈ ಸ್ತ್ರೀಯೇ, ನನಗೆ ಬದಲಾಗಿ ನೀನು ಹೋಗುವುದು ಆಗತಕ್ಕದ್ದಲ್ಲ,” ಎಂದರು ಸಿಸ್ಟರ್, ಊದಿದ ಪಾದವನ್ನು ಬಕೆಟ್ ನೀರಿನಲ್ಲಿ ಇಳಿಬಿಟ್ಟುಕೊಂಡು. ಬೆಳಿಗ್ಗೆ ಮೆಟ್ಟಿಲಿನಲ್ಲಿ ಕಾಲು ಉಳುಕಿತ್ತು. ದೂರದಿಂದ ಬಂದ ಅವರು ಇಲ್ಲಿನ ಮಾತು ಕಲಿತದ್ದೇ ಬೈಬಲ್ ಓದಿ; ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡಿದರೂ ಚರ್ಚಿನಲ್ಲಿ ಪ್ರಸಂಗ ಮಾಡಿದ ಹಾಗೇ ಕೇಳಿಸುತ್ತಿತ್ತು.

“ಮತ್ತೆ ಈ ಗಂಟಿಗೇನು ರೆಕ್ಕೆ ಬರುತ್ತಾ? ನಾಡಿದ್ದು ಸ್ಕೂಲು,” ಎಂದಳು ಕತ್ತರಿಯಕ್ಕ. ಗಂಟಿನಲ್ಲಿದ್ದದ್ದು ಅವಳು ಕತ್ತರಿಸಿದ ಹದಿನೆಂಟು ಯೂನಿಫಾರ್ಮು. ಮೇಲೋಣಿ ಒಂದು ಗ್ಯಾಂಗಿನದು, ಕೆಳಓಣಿ ಇನ್ನೊಂದರದು. ಮೇಲೋಣಿಯಲ್ಲಿ ಇವಳು ಕತ್ತರಿಸಿದ್ದನ್ನು ಕೆಳಓಣಿಯಲ್ಲಿ ಮಿಷಿನಕ್ಕ ಹೊಲಿಯುತ್ತಿದ್ದಳು. ಆರು ವರ್ಷದಿಂದ ಜೊತೆ ಕೆಲಸ, ಒಬ್ಬರ ಮುಖ ಒಬ್ಬರು ಕಂಡಿಲ್ಲ. ನಡುವಿನ ತಿರುವು ದಾಟಿ ಬಟ್ಟೆ ಸಾಗಿಸುವ ಅಪ್ಪಣೆ ಇದ್ದದ್ದು ಸಿಸ್ಟರ್ ಒಬ್ಬರಿಗೇ.

ಆ ತಿರುವಿನಲ್ಲೇ ಕತ್ತರಿಯಕ್ಕನ ಹಿರಿಮಗ ಕೆಳಓಣಿಯವರ ಕೈಯಲ್ಲಿ ಸತ್ತು ಬಿದ್ದಿದ್ದ. ಮಾರನೆಯ ವಾರ ಸಿಸ್ಟರ್ ಅಲ್ಲಿ ಮೂರು ದಿನ ಅನ್ನ ನೀರು ಬಿಟ್ಟು ಕೂತು, ಎರಡೂ ಗ್ಯಾಂಗಿನಿಂದ ಒಂದೇ ಒಂದು ಮಾತು ತೆಗೆದುಕೊಂಡು ಎದ್ದಿದ್ದರು: ಯೂನಿಫಾರ್ಮ್ ತೊಟ್ಟ ಮಗುವಿಗೆ ಹೊಡೆಯುವಂತಿಲ್ಲ, ಅದನ್ನು ಗ್ಯಾಂಗಿನ ಕೆಲಸಕ್ಕೆ ಕರೆಯುವಂತಿಲ್ಲ. ಆ ಬಟ್ಟೆಯೊಳಗೆ ಹತ್ತು ವರ್ಷ ಕ್ಷೇಮವಾಗಿದ್ದ ಕಿರಿಮಗ ಈಗ ಆಸ್ಪತ್ರೆಯಲ್ಲಿ ಕಂಪೌಂಡರ್. ಯೂನಿಫಾರ್ಮ್ ಇಲ್ಲದ ಮಗುವಿನ ಬಗ್ಗೆ ಮಾತೇ ಆಗಿರಲಿಲ್ಲ.

“ಮಿಥ್ಯವನ್ನು ನುಡಿಯಬಾರದು,” ಎಂದರು ಸಿಸ್ಟರ್.

“ನಾನು ಸಿಸ್ಟರ್ ಅಂತ ಬಾಯಿಬಿಟ್ಟು ಹೇಳಲ್ಲ, ಆಯ್ತಾ? ನಿಮ್ಮ ಅಂಗಿ ಹೇಳಿಕೊಂಡರೆ ಅದರ ಪಾಪ ಅದಕ್ಕೆ!” ಎನ್ನುತ್ತಲೇ ಕತ್ತರಿಯಕ್ಕ ಗೂಟದಲ್ಲಿದ್ದ ಬೂದು ನಿಲುವಂಗಿಯನ್ನು ತಲೆಯ ಮೇಲಿಂದ ಇಳಿಸಿಕೊಂಡು, ಮುಸುಕು ಎಳೆದು, ಗಂಟು ಎತ್ತಿ, ಕೊಡೆ ಬಿಚ್ಚಿಯಾಗಿತ್ತು. ಹೆಂಗಸರ ಮುಂದೆ ದಿನಾ ಸಿಸ್ಟರನ್ನು ಅಣಕಿಸಿ ನಗಿಸಿದ ಬಾಯಿ ಅವಳದು. ಸಿಸ್ಟರ್ ಕೊರಳಿನ ಶಿಲುಬೆಯನ್ನು ಮುಷ್ಟಿಯಲ್ಲಿ ಹಿಡಿದು ಕಣ್ಣು ಮುಚ್ಚಿಬಿಟ್ಟಿದ್ದರು.

ಮಧ್ಯಾಹ್ನದ ಬಿಸಿಲು. ತಿರುವಿನಲ್ಲಿ ಕೆಳಓಣಿಯ ಕಾವಲಿನವನು ಗೋಡೆಗೊರಗಿ ನಿಂತಿದ್ದ. ಹುಬ್ಬಿನ ಮೇಲೆ ಹಳೆಯ ಗಾಯ.

“ಮಗನೇ, ನಿನಗೆ ಸಮಾಧಾನವಿರಲಿ. ನೀನು ಊಟವನ್ನು ಮಾಡಿರುವೆಯೋ?” ಕೊಡೆಯನ್ನು ಇನ್ನಷ್ಟು ಇಳಿಸಿ ಕತ್ತರಿಯಕ್ಕ ಕೇಳಿದಳು. ದನಿ ಸಿಸ್ಟರ್ ದನಿಯನ್ನೇ ಅಚ್ಚು ಹಾಕಿದ ಹಾಗಿತ್ತು.

ಅವನು ಕೊಡೆಯೊಳಗೆ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. “ಇದರಲ್ಲಿ ನಮ್ಮ ಪುಟ್ಟಿದೂ ಇದೆಯಾ ಸಿಸ್ಟರ್? ಒಂದನೇ ಕ್ಲಾಸು.”

“ಸೊಂಟ ಇಪ್ಪತ್ತು, ಎಡಭುಜ ಒಂಚೂರು ಇಳಿಕೆ, ಬೆಳೆಯೋ ಹುಡುಗಿ ಅಂತ ಎರಡು ಇಂಚು ಮಡಿಕೆ ಬಿಟ್ಟಿ…” ನಾಲಿಗೆ ಕಚ್ಚಿಕೊಂಡು, “…ಬಿಡಲ್ಪಟ್ಟಿರುತ್ತದೆ,” ಎಂದಳು.

ಅವನು ಟೋಪಿ ತೆಗೆದು ಅವಳ ಮುಂದೆ ತಲೆ ತಗ್ಗಿಸಿದ. “ದಿನಾ ಮಾಡೋ ಹಾಗೆ ಪ್ರಾರ್ಥನೆ ಮಾಡಿಬಿಡಿ.”

ಕೆಳಓಣಿಯವರ ತಲೆಯ ಮೇಲೆ ಹಾಕಲೆಂದು ಕತ್ತರಿಯಕ್ಕ ಎಷ್ಟೋ ವರ್ಷ ಬಗೆಬಗೆಯ ವಸ್ತುಗಳನ್ನು ಮನಸ್ಸಿನಲ್ಲೇ ಆರಿಸಿಟ್ಟಿದ್ದಳು. ಅವುಗಳಲ್ಲಿ ಅಂಗೈ ಇರಲಿಲ್ಲ. ಗಂಟು ಇಳಿಸಿ, ಕೈ ಇಟ್ಟಳು. ಬಿಸಿಲಿಗೆ ಕಾದ ಕೂದಲು. ಹಿರಿಮಗನ ತಲೆಯಷ್ಟೇ ದಪ್ಪ ಎಂದು ಬೆರಳುಗಳು ತಾವಾಗಿ ಅಳತೆ ಹೇಳಿದವು. ಸಿಸ್ಟರ್ ದನಿ ಎಲ್ಲಿ ಹೋಯಿತೋ, “ದೇವರೇ, ಇವನ ಮಗು ಓದ್ಲಿ, ಇವನೂ ಬದುಕ್ಕೊಳ್ಲಿ,” ಎಂದು ಅವಳದೇ ಬಾಯಿ ಅಂದುಬಿಟ್ಟಿತು.

ಕೆಳಓಣಿಯಲ್ಲಿ ಮಿಷಿನಕ್ಕ ಬಾಗಿಲು ತೆರೆದು ಗಂಟು ಇಸಿದುಕೊಂಡಳು. ಮುಸುಕಿನೊಳಗಿನ ಮುಖ ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು. ಕೊರಳಿಗೆ ಕಣ್ಣು ಇಳಿದಾಗ ಓಡಿಬಂದು ಅಪ್ಪಿಕೊಂಡಳು. “ನೀನೇ ಅಲ್ವೇನೆ ಕತ್ತರಿ? ದೇವರು ಚೆನ್ನಾಗಿಟ್ಟಿರಲಿ ಕಣೇ ನಿನ್ನ!”

“ಹೇಗೆ ಗೊತ್ತಾಯ್ತು?”

“ಇನ್ನೇನು, ಕೊರಳಲ್ಲಿ ಬೋರ್ಡು ಹಾಕ್ಕೊಂಡೇ ಬಂದಿದ್ದೀಯಲ್ಲ!”

ಕತ್ತರಿಯಕ್ಕ ಎದೆ ಮುಟ್ಟಿ ನೋಡಿಕೊಂಡಳು. ಇಪ್ಪತ್ತು ವರ್ಷದ ಅಭ್ಯಾಸದ ಕೈ ಅಂಗಿ ತೊಟ್ಟ ಮೇಲೂ ಅಳತೆ ಟೇಪನ್ನು ಎತ್ತಿ ಕೊರಳಿಗೆ ಹಾಕಿತ್ತು. ಶಿಲುಬೆ ಇರಬೇಕಾದಲ್ಲಿ ಹಳದಿ ಟೇಪು, ಅಷ್ಟುದ್ದದ ತಿರುವಿನುದ್ದಕ್ಕೂ, ಆ ಬಿಸಿಲಿನಲ್ಲಿ, ಕಾವಲಿನವನ ಮೂಗಿನ ಕೆಳಗೆ ತೂಗಾಡಿತ್ತು.

ವಾಪಸು ಬರುವಾಗ ಕಾವಲಿನವನು ಅಲ್ಲೇ ಇದ್ದ. ಅವಳು ಕೊಡೆಯನ್ನು ಮೂಗಿನವರೆಗೆ ಇಳಿಸಿದಳು. ಅವನೇ ಎರಡೂ ಕೈ ಮುಗಿದ.

“ಹೊಲಿದದ್ದು ಒಯ್ಯೋಕೆ ನಾಳೆ ಬರ್ತೀರಲ್ಲ ಸಿಸ್ಟರ್, ಆ ಟೇಪು ಒಳಗೆ ಹಾಕ್ಕೊಂಡು ಬನ್ನಿ. ನಾಳೆ ಇಲ್ಲಿ ಕಾವಲಿಗೆ ನಾನಿರಲ್ಲ.”