ಎರಡು ಡಿಗ್ರಿ

‘ನೀರು ಎರಡು ಡಿಗ್ರಿ, ಲೋಡ್ ನೂರು ಪರ್ಸೆಂಟ್. ಯಾರೂ ಬದಲಿಸಕೂಡದು.’ ಮ್ಯಾನೇಜರ್ ಸಹಿ ಮಾಡಿದ್ದ ಈ ಚೀಟಿ, ಸೀರೆ ಅಂಗಡಿಯನ್ನು ತಂಪಾಗಿಡುವ ಚಿಲ್ಲರ್ ಯಂತ್ರದ ಮೇಲೆ ಹನ್ನೊಂದು ವರ್ಷದಿಂದ ಅಂಟಿಕೊಂಡಿತ್ತು.

“ಎರಡು ಗುಂಡಿ ಒತ್ತಾಕ ನಿನಗ ಪಗಾರ ಯಾಕ ಕೊಡಬೇಕು? ನಾಳಿಯಿಂದ ಬರಬ್ಯಾಡ!” ಯಂತ್ರ ನೋಡಿಕೊಳ್ಳುತ್ತಿದ್ದ ಗುರುಸಿದ್ಧಪ್ಪನನ್ನು ಅದೇ ಮ್ಯಾನೇಜರ್ ಎಲ್ಲರೆದುರು ಹೊರಹಾಕಿದ. ಅವನು ಚೀಟಿಯನ್ನೊಮ್ಮೆ ನೋಡಿ, ಕೊನೆಯ ಸಲ ಅವೇ ಎರಡು ಗುಂಡಿ ಒತ್ತಿ, ಕೀಲಿಕೈ ಕೊಟ್ಟು ಹೊರಟ.

ಮರುದಿನ ಮಧ್ಯಾಹ್ನ ಫೋನ್ ಬಂತು.

“ಏನ್ ಮಾಡಿಟ್ಟು ಹೋಗೀಯಲೇ? ಒಳಗ ನೀರು ಹೆಪ್ಪುಗಟ್ಟಿ ಮಷಿನ್ ನಿಂತೈತಿ! ಮದುವಿ ಸೀರಿಗೆ ಬಂದ ಗಿರಾಕಿ ಬೆವತು ಹೊಂಟಾರ, ಮಾಲಕರು ಮುಂದ ನಿಂತಾರ!”

“ಮಾಲಕರಿಗೆ ಆ ಚೀಟಿ ತೋರಸ್ರಿ, ಸಾಹೇಬ್ರ. ಹನ್ನೊಂದು ವರ್ಷದಾಗ ಅದರಾಗ ಬರದಂಗ ನಾ ಮಷಿನ್ ಸೆಟ್ ಮಾಡಿದ್ದು ನಿನ್ನೆ ಒಂದ ಸಲ.”