ಎಡಗೆನ್ನೆ, ಬಲಗೆನ್ನೆ

ಗಂಡನ ಬಲಗೈಗೆ ಪ್ಲಾಸ್ಟರ್ ಬಿದ್ದಂದಿನಿಂದ ಅವನ ಗಡ್ಡ ಹೆರೆಯುವ ಕೆಲಸವೂ ಅವಳ ತಲೆಗೇ ಬಂದಿತ್ತು. ಅವನಿಗೋ ಅಪ್ಪನ ಕಾಲದ ಕ್ಷೌರದ ಕತ್ತಿಯೇ ಆಗಬೇಕು.

“ಹೋದ ವಾರ ಉಲ್ಟಾ ಎಳೆದು ಮುಖವೆಲ್ಲಾ ಉರಿಸಿದೆ. ಬಿಸಿನೀರಲ್ಲಿ ಚೆನ್ನಾಗಿ ನೆನೆಸು, ಚರ್ಮ ಬಿಗಿಯಾಗಿ ಹಿಡಿ, ಒತ್ತಬೇಡ. ಅಷ್ಟೂ ಬುದ್ಧಿ ಇಲ್ವೇನೇ?”

“ಮಗಳು ಇನ್ನೂ ಓದ್ತೀನಿ ಅಂತ ಅಳ್ತಿದಾಳಲ್ರೀ...”

“ಬಾಯ್ಮುಚ್ಚು. ಇನ್ನೊಂದು ಗಂಟೆಗೆ ಗಂಡಿನ ಕಡೆಯವರು ಅವಳನ್ನ ನೋಡೋಕೆ ಬರ್ತಾರೆ. ನೀಟಾಗಿ ಹೆರಿ.”

ಅವಳು ಹಲ್ಲು ಕಚ್ಚಿಕೊಂಡು, ಕೂದಲು ಬೆಳೆದ ದಿಕ್ಕಿಗೇ ಕತ್ತಿ ಆಡಿಸಿ, ಎಡಗೆನ್ನೆಯನ್ನು ಒಂದು ಗೀರೂ ಬೀಳದಂತೆ ನುಣ್ಣಗೆ ಮಾಡಿದಳು. ಅವನು ಕನ್ನಡಿ ನೋಡಿ ತಲೆದೂಗಿ, ವಾರದ ಗಡ್ಡವಿದ್ದ ಬಲಗೆನ್ನೆಯನ್ನು ಅವಳತ್ತ ತಿರುಗಿಸಿದ.

ಅವಳು ಕತ್ತಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಮೊದ್ಲು ಅವರಿಗೆ ಫೋನ್ ಮಾಡಿ ಬರಬೇಡಿ ಅನ್ನಿ. ಆಮೇಲೆ ಈ ಕೆನ್ನೆ.”